ಹೂಗ್ಲಿ ದಡದಲ್ಲಿ ಮೂರು ಗಂಟೆ

ನದಿಯ ಮೇಲೆ ದಿನಗಟ್ಟಲೆ ಸಾಗುವ ಪ್ರವಾಸಿ ಹಡಗುಗಳು ಈಗ ನಮ್ಮ ದೇಶದಲ್ಲೂ ಓಡುತ್ತಿವೆ. 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ ‘ಗಂಗಾ ವಿಲಾಸ್’ ಬಾಂಗ್ಲಾದೇಶವನ್ನು ಹಾದು ಅಸ್ಸಾಮಿನ ದಿಬ್ರೂಗಢದವರೆಗೆ ಸುಮಾರು 3,200 ಕಿ.ಮೀ. ದೂರದ, 51 ದಿನಗಳ ಯಾನಕ್ಕೆ ಹೊರಟಾಗ ಪತ್ರಿಕೆಗಳಲ್ಲೆಲ್ಲ ಅದರದೇ ಸುದ್ದಿ. ಕೋಲ್ಕತಾದಿಂದ ಹೂಗ್ಲಿ ನದಿಯಲ್ಲಿ ಮೇಲಕ್ಕೆ ಹೋಗಿಬರುವ ಕೆಲವೇ ದಿನಗಳ ಯಾನಗಳೂ ಇವೆ. ಮಕ್ಕಳು ವಿದೇಶದಲ್ಲಿ ದುಡಿಯುತ್ತಿರುವ ಮನೆಗಳಲ್ಲಿ ತಂದೆತಾಯಿಯನ್ನು ಇಂತಹ ಪ್ರವಾಸಕ್ಕೆ ಕಳುಹಿಸುವ ಯೋಚನೆ ಬರುವುದುಂಟು. ಹಡಗಿನ ಖರ್ಚು ದುಬಾರಿ ಎನ್ನುವವರು ರೈಲಿನಲ್ಲಿ ಕೋಲ್ಕತಾಕ್ಕೆ ಹೋಗಿ, ಅಲ್ಲಿಂದ ಲೋಕಲ್ ರೈಲು ಮತ್ತು ಲಾಂಚಿನಲ್ಲಿ ಇದೇ ಸ್ಥಳಗಳನ್ನು ನೋಡಿಬರಬಹುದು.

ಹೇಗೆ ಹೋದರೂ ಸರಿ, ಒಂದು ನಿಲುಗಡೆಯ ಬಗ್ಗೆ ನಿಮಗೆ ಮೊದಲೇ ತಿಳಿದಿರಲಿ. ಅದು ಕೋಲ್ಕತಾದಿಂದ ಸುಮಾರು 40 ಕಿ.ಮೀ. ಉತ್ತರಕ್ಕಿರುವ ಹೂಗ್ಲಿ ಪಟ್ಟಣ. ಇಂತಹ ನಿಲುಗಡೆಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ಗಂಟೆಗಳ ಸಮಯ ಸಿಗುತ್ತದೆ. ಆ ಸಮಯದಲ್ಲಿ ಗಡಿಯಾರ ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಚಹಾ ಕುಡಿದು ಹಡಗಿಗೆ ಮರಳುವವರೇ ಹೆಚ್ಚು. ಇನ್ನು ಕೆಲವರು ಕಾರು ಹಿಡಿದು ಕೋಲ್ಕತಾದ ಅಂಗಡಿಗಳಿಗೆ ಓಡುತ್ತಾರೆ. ಹೋಗಿಬರುವ ದಾರಿಯಲ್ಲೇ ಅವರ ಸಮಯ ಮುಗಿದುಹೋಗುತ್ತದೆ. ಸಹೋದರಿಯರೇ, ಆ ಮೂರು ಗಂಟೆ ಹೂಗ್ಲಿಯಲ್ಲೇ ಇರಿ. ಅಲ್ಲಿ ನೀವು ನೋಡುವ ಕಟ್ಟಡದ ಹಿಂದೆ ಒಬ್ಬ ಹೆಣ್ಣುಮಗಳಿಗೆ ತಂದೆಯಿಂದ ಬಂದ ಆಸ್ತಿಯ ಕಥೆಯಿದೆ. ಆ ಕಥೆಗೂ ನಮ್ಮ ಮನೆಗಳಿಗೂ ಸಂಬಂಧವಿದೆ.

ಮನ್ನುಜಾನ್ ಮತ್ತು ಮುಹ್ಸಿನ್

ಹದಿನೆಂಟನೆಯ ಶತಮಾನದಲ್ಲಿ ಹೂಗ್ಲಿ ದೊಡ್ಡ ವ್ಯಾಪಾರದ ಪಟ್ಟಣವಾಗಿತ್ತು. ಅಲ್ಲಿ ನೆಲೆಸಿದ್ದ ಇರಾನ್ ಮೂಲದ ಆಗಾ ಮುತಹ್ಹರ್ ಎಂಬ ಶ್ರೀಮಂತನಿಗೆ ಒಬ್ಬಳೇ ಮಗಳು. ಹೆಸರು ಮನ್ನುಜಾನ್ ಖಾನಮ್. ಈಗ ಬಾಂಗ್ಲಾದೇಶದಲ್ಲಿರುವ ಜೆಸ್ಸೋರ್ ಕಡೆ ಆತನಿಗೆ ವಿಶಾಲವಾದ ಜಮೀನುಗಳಿದ್ದವು. ಆತ ತನ್ನ ಮಗಳಿಗೆ ಒಂದು ಚಿನ್ನದ ತಾಯಿತ ಕೊಟ್ಟು, ತಾನು ತೀರಿಹೋದ ಮೇಲೆ ಬಿಚ್ಚಿ ನೋಡಬೇಕೆಂದು ಹೇಳಿದ್ದನಂತೆ. ಬಿಚ್ಚಿದಾಗ ಎಲ್ಲ ಆಸ್ತಿಯನ್ನೂ ಮಗಳಿಗೆ ಬರೆದ ಪತ್ರ ಅದರಲ್ಲಿತ್ತು ಎಂಬ ಕಥೆ ಬಂಗಾಳದಲ್ಲಿ ಪ್ರಸಿದ್ಧವಾಗಿದೆ. ತಾಯಿತದ ಮಾತು ಕಥೆಯೇ ಇರಬಹುದು. ಆಸ್ತಿ ಮಗಳಿಗೆ ಬಂದದ್ದು ಮಾತ್ರ ಇತಿಹಾಸ.

ಮನ್ನುಜಾನ್‌ರ ತಾಯಿ ಮುಂದೆ ಹಾಜಿ ಫೈಝುಲ್ಲಾ ಎಂಬವರನ್ನು ವಿವಾಹವಾದರು. ಆ ದಾಂಪತ್ಯದಲ್ಲಿ 1732ರಲ್ಲಿ ಹುಟ್ಟಿದವರೇ ಮುಹಮ್ಮದ್ ಮುಹ್ಸಿನ್. ಅಕ್ಕ ತಮ್ಮ ಒಂದೇ ಮನೆಯಲ್ಲಿ ಬೆಳೆದರು. ಮನ್ನುಜಾನ್‌ರ ವಿವಾಹ ಹೂಗ್ಲಿಯ ಅಧಿಕಾರಿಯಾಗಿದ್ದ ಮಿರ್ಝಾ ಸಲಾಹುದ್ದೀನ್‌ರೊಂದಿಗೆ ನಡೆಯಿತು. ಮಕ್ಕಳಾಗಲಿಲ್ಲ, ಪತಿಯೂ ಬೇಗ ತೀರಿಕೊಂಡರು. ತಮ್ಮ ಮುಹ್ಸಿನ್ ಅನೇಕ ವರ್ಷಗಳ ಕಾಲ ಇರಾನ್, ಇರಾಕ್, ಅರೇಬಿಯಾಗಳಲ್ಲಿ ಸಂಚರಿಸಿ, ಹಜ್ ನಿರ್ವಹಿಸಿ ಹಾಜಿ ಮುಹ್ಸಿನ್ ಆದರು. ಮನ್ನುಜಾನ್ ವಿಧವೆಯಾಗಿ ದಶಕಗಳ ಕಾಲ ಜಮೀನ್ದಾರಿಯ ಒಡತಿಯಾಗಿದ್ದರು. ವಯಸ್ಸಾದ ಮೇಲೆ ತಮ್ಮನನ್ನು ಕರೆಸಿಕೊಂಡು, ತಮ್ಮ ಆಸ್ತಿಯನ್ನೆಲ್ಲ ಅವರಿಗೆ ಬಿಟ್ಟು 1803ರಲ್ಲಿ ನಿಧನರಾದರು.

ಹಾಜಿ ಮುಹ್ಸಿನ್ ಮದುವೆಯಾಗಿರಲಿಲ್ಲ. ಅವರ ಬದುಕು ಬಹಳ ಸರಳವಾಗಿತ್ತು. ಅಕ್ಕನಿಂದ ಬಂದದ್ದನ್ನು ಅವರು ತಮಗಾಗಿ ಇಟ್ಟುಕೊಳ್ಳಲಿಲ್ಲ. 1806ರಲ್ಲಿ ಎಲ್ಲವನ್ನೂ ವಕ್ಫ್ ಮಾಡಿದರು. ಆದಾಯವನ್ನು ಒಂಭತ್ತು ಪಾಲು ಮಾಡಿ, ಮೂರು ಪಾಲು ಧಾರ್ಮಿಕ ಕಾರ್ಯಗಳಿಗೆ, ನಾಲ್ಕು ಪಾಲು ಸಿಬ್ಬಂದಿ, ಪಿಂಚಣಿ ಮತ್ತು ಧರ್ಮಕಾರ್ಯಗಳಿಗೆ, ಎರಡು ಪಾಲು ಮುತವಲ್ಲಿಗಳಿಗೆ ಎಂದು ಬರೆದರು. 1812ರಲ್ಲಿ ತೀರಿಕೊಂಡರು.

ದಡಕ್ಕಿಳಿದ ಮೇಲೆ

ಹೂಗ್ಲಿ ಇಮಾಮ್‌ಬಾರಾ ನದಿಯ ಪಶ್ಚಿಮ ದಂಡೆಯಲ್ಲಿ ನೀರಿಗೆ ಅಂಟಿಕೊಂಡಂತೆಯೇ ನಿಂತಿದೆ. ಬೀದರ್, ವಿಜಯಪುರದ ಕಡೆಯ ಆಶೂರ್‌ಖಾನಾಗಳನ್ನು ಬಲ್ಲವರಿಗೆ ಇಮಾಮ್‌ಬಾರಾ ಎಂದರೇನೆಂದು ಹೇಳಬೇಕಿಲ್ಲ. ಮುಹರ್ರಮ್ ತಿಂಗಳಲ್ಲಿ ಇಮಾಮ್ ಹುಸೈನ್(ರ)ರ ಸ್ಮರಣೆಯ ಸಭೆಗಳು ನಡೆಯುವ ಮನೆ ಅದು. ಮುಹ್ಸಿನ್ ಶಿಯಾ ಪಂಥದವರು. ಅವರ ವಕ್ಫ್‌ನಿಂದ ಓದಿದವರು ಎಲ್ಲ ಪಂಥ, ಎಲ್ಲ ಧರ್ಮದವರೂ ಇದ್ದಾರೆ. ನಿಮ್ಮ ಮಝ್‌ಹಬ್ ಯಾವುದೇ ಇರಲಿ, ಗೌರವದಿಂದ ಒಳಗೆ ಹೋಗಿ.

ಈಗಿನ ಕಟ್ಟಡದ ಕೆಲಸ 1841ರಲ್ಲಿ ಆರಂಭವಾಗಿ 1861ರಲ್ಲಿ ಮುಗಿಯಿತು. ಮುಂಬಾಗಿಲ ಮೇಲೆ ಜೋಡಿ ಗೋಪುರಗಳು, ಅವುಗಳ ನಡುವೆ 1852ರಲ್ಲಿ ಇಂಗ್ಲೆಂಡಿನಿಂದ ತರಿಸಿದ ದೊಡ್ಡ ಗಡಿಯಾರ. ಅದಕ್ಕೆ ವಾರಕ್ಕೊಮ್ಮೆ ಕೀಲಿ ಕೊಡಲು ಇಬ್ಬರು ಬೇಕು. ಗೋಪುರ ಹತ್ತಲು ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಇನ್ನೊಂದು ಕಡೆ ಪ್ರತ್ಯೇಕ ಮೆಟ್ಟಿಲುಗಳಿವೆ. ಮೆಟ್ಟಿಲುಗಳು ಕಡಿದಾಗಿವೆ, ಸಂಖ್ಯೆಯೂ ನೂರೈವತ್ತರ ಆಸುಪಾಸು. ಮಂಡಿನೋವಿನವರು ಕೆಳಗೇ ಉಳಿಯುವುದು ಒಳ್ಳೆಯದು. ಮೇಲಿನಿಂದ ನದಿಯೂ ಜುಬಿಲಿ ಸೇತುವೆಯ ಜಾಗವೂ ಕಾಣುತ್ತವೆ. 1887ರಲ್ಲಿ ತೆರೆದ ಆ ರೈಲು ಸೇತುವೆಯ ಬದಲಿಗೆ 2016ರಿಂದ ಪಕ್ಕದ ಸಂಪ್ರೀತಿ ಸೇತುವೆಯಲ್ಲಿ ರೈಲುಗಳು ಓಡುತ್ತಿವೆ.

ಒಳಗೆ ಆಯತಾಕಾರದ ಅಂಗಳ, ನಡುವೆ ನೀರಿನ ಕೊಳ, ಸುತ್ತ ಎರಡಂತಸ್ತಿನ ಕೋಣೆಗಳು. ಚಪ್ಪಲಿ ಕಳಚಿ ಒಳಸಭಾಂಗಣಕ್ಕೆ ಹೋದರೆ ಅಮೃತಶಿಲೆಯ ನೆಲ, ತೂಗುದೀಪಗಳು, ಗೋಡೆಯ ಮೇಲೆ ಕುರ್‌ಆನ್ ವಚನಗಳ ಬರಹ. ಮಕ್ಕಳಿಗೆ ಆ ಅರಬಿ ಅಕ್ಷರಗಳನ್ನು ಓದಲು ಹೇಳಿ. ಮದ್ರಸದಲ್ಲಿ ಕಲಿತದ್ದನ್ನು ಪುಸ್ತಕದ ಹೊರಗೆ ಗುರುತಿಸಿದಾಗ ಅವರಿಗಾಗುವ ಸಂತೋಷವೇ ಬೇರೆ.

ಬಳಿಕ ಹಿಂದಿನ ಕಡೆ, ನದಿಯ ಬದಿಗೆ ಬನ್ನಿ. ಅಲ್ಲೊಂದು ಸೂರ್ಯ ಗಡಿಯಾರವಿದೆ. ನೆರಳು ನೋಡಿ ಝುಹರ್‌ನ ಸಮಯ ತಿಳಿಯುವ ಬಗೆಯನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನದಿಯ ಕಡೆಯ ಗೋಡೆಯ ಮೇಲೆ ಮುಹ್ಸಿನ್‌ರ ವಕ್ಫ್ ಪತ್ರವನ್ನೇ ಬರೆಸಲಾಗಿದೆ. ಬಂದವರೆಲ್ಲರೂ ಓದಲಿ, ಮುತವಲ್ಲಿಗಳು ಮರೆಯದಿರಲಿ ಎಂಬಂತೆ ಅದು ಅಲ್ಲಿದೆ. ಅದರ ಮುಂದೆ ಹತ್ತು ನಿಮಿಷ ನಿಲ್ಲಿ. ಆ ಕುಟುಂಬದ ಗೋರಿಗಳೂ ಸಮೀಪದಲ್ಲೇ ಇವೆ. ಮುಹ್ಸಿನ್‌ರಿಗೆ ದುಆ ಮಾಡುವಾಗ ಮನ್ನುಜಾನ್‌ರಿಗೂ ದುಆ ಮಾಡಿ. ಕಾಲೇಜಿಗೆ, ನಿಧಿಗೆ, ವಿದ್ಯಾರ್ಥಿವೇತನಕ್ಕೆಲ್ಲ ತಮ್ಮನ ಹೆಸರೇ ಇದೆ. ಹಣ ಬಂದದ್ದು ಮಾತ್ರ ಅಕ್ಕನಿಂದ.

ಆ ಹಣ ಏನು ಮಾಡಿತು?

ಮುಹ್ಸಿನ್‌ರ ಮರಣದ ನಂತರ ಮುತವಲ್ಲಿಗಳಿಂದ ಅವ್ಯವಹಾರ ನಡೆದು, ಆಡಳಿತ ಸರಕಾರದ ಕೈಗೆ ಹೋಯಿತು. ದೀರ್ಘ ಕಾಲ ಮೊಕದ್ದಮೆ ನಡೆಯಿತು. ಅಷ್ಟರಲ್ಲಿ ಕೂಡಿಬಿದ್ದ ಹಣದಿಂದ 1836ರಲ್ಲಿ ಪಕ್ಕದ ಚಿನ್ಸುರಾದಲ್ಲಿ ಕಾಲೇಜು ಆರಂಭವಾಯಿತು. ಇಂದಿನ ಹೂಗ್ಲಿ ಮುಹ್ಸಿನ್ ಕಾಲೇಜು ಅದೇ. ಕಾದಂಬರಿಕಾರ ಬಂಕಿಮಚಂದ್ರ ಚಟರ್ಜಿಯವರು ಓದಿದ್ದು ಅಲ್ಲಿ. ‘ದಿ ಸ್ಪಿರಿಟ್ ಆಫ್ ಇಸ್ಲಾಮ್’ ಗ್ರಂಥ ಬರೆದ, ಲಂಡನ್ನಿನ ಪ್ರೀವಿ ಕೌನ್ಸಿಲ್‌ನ ನ್ಯಾಯ ಸಮಿತಿಯಲ್ಲಿ ಕುಳಿತ ಮೊದಲ ಭಾರತೀಯ ಸೈಯದ್ ಅಮೀರ್ ಅಲಿಯವರು ಓದಿದ್ದೂ ಅಲ್ಲಿಯೇ.

ಆದರೆ ವಕ್ಫ್‌ನ ಹಣದಿಂದ ನಡೆಯುತ್ತಿದ್ದ ಆ ಕಾಲೇಜಿನಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟೇ ಇದ್ದರು. ನವಾಬ್ ಅಬ್ದುಲ್ ಲತೀಫ್‌ರಂತಹವರು ಇದನ್ನು ಎತ್ತಿ ತೋರಿಸಿದರು. 1873ರಲ್ಲಿ ಸರಕಾರ ಈ ನಿಧಿಯನ್ನು ಮುಸ್ಲಿಮರ ಶಿಕ್ಷಣಕ್ಕೆ ಬಿಟ್ಟುಕೊಡಲು ಒಪ್ಪಿತು. ಢಾಕಾ, ಚಿತ್ತಗಾಂಗ್, ರಾಜಶಾಹಿಗಳಲ್ಲಿ ಮದ್ರಸಗಳು ತೆರೆದವು. ಬಡ ವಿದ್ಯಾರ್ಥಿಗಳಿಗೆ ಮುಹ್ಸಿನ್ ನಿಧಿಯಿಂದ ನೆರವು ಸಿಕ್ಕಿತು. ವಕ್ಫ್ ಮಾಡಿದರೆ ಕೆಲಸ ಮುಗಿಯಲಿಲ್ಲ, ಅದನ್ನು ಕಾಯುವವರೂ ಲೆಕ್ಕ ಕೇಳುವವರೂ ಬೇಕು ಎಂಬ ಪಾಠ ಇದರಲ್ಲಿದೆ.

ಖೈಬರ್‌ನಲ್ಲಿ ತಮಗೆ ಸಿಕ್ಕ ಜಮೀನನ್ನು ಏನು ಮಾಡಲಿ ಎಂದು ಉಮರ್(ರ) ಕೇಳಿದಾಗ, ಜಮೀನನ್ನು ಹಾಗೆಯೇ ಉಳಿಸಿ ಫಲವನ್ನು ದಾನ ಮಾಡುವಂತೆ ಪ್ರವಾದಿ(ಸ)ರವರು ಸೂಚಿಸಿದ್ದು ನಮಗೆಲ್ಲ ಗೊತ್ತು. ಹೂಗ್ಲಿಯಲ್ಲಿ ನೀವು ನೋಡುವುದು ಆ ಸೂಚನೆಯ ಫಲವನ್ನೇ. ಮರಣದ ನಂತರವೂ ನಿಲ್ಲದ ದಾನ ಎಂದು ಹದೀಸ್‌ನಲ್ಲಿ ಬಂದಿರುವುದರ ಅರ್ಥ ಇಲ್ಲಿ ಕಣ್ಣಿಗೆ ಕಾಣುತ್ತದೆ.

ನಮ್ಮ ಮನೆಯ ಮನ್ನುಜಾನ್‌ಗಳು

ಸಹೋದರಿಯರೇ, ಈಗ ಒಂದು ಪ್ರಶ್ನೆ. ಆಗಾ ಮುತಹ್ಹರ್‌ನ ಆಸ್ತಿ ಮಗಳ ಕೈಗೆ ಬಾರದಂತೆ ಯಾರಾದರೂ ತಡೆದಿದ್ದರೆ ಏನಾಗುತ್ತಿತ್ತು? ವಕ್ಫ್ ಇರುತ್ತಿತ್ತೇ? ಕಾಲೇಜು, ಮದ್ರಸಗಳು ಇರುತ್ತಿದ್ದವೇ?

ತಂದೆತಾಯಿ ಬಿಟ್ಟುಹೋದ ಸೊತ್ತಿನಲ್ಲಿ, ಅದು ಕಡಿಮೆಯಿರಲಿ ಹೆಚ್ಚಿರಲಿ, ಹೆಣ್ಣಿಗೂ ಪಾಲಿದೆ ಎಂದು ಸೂರಃ ಅನ್ನಿಸಾದ 7ನೇ ವಚನ ಸ್ಪಷ್ಟಪಡಿಸಿದೆ. ಪಾಲು ಎಷ್ಟೆಂಬುದನ್ನೂ ಅದೇ ಸೂರಃದಲ್ಲಿ ಅಲ್ಲಾಹನು ನಿಶ್ಚಯಿಸಿದ್ದಾನೆ. ಆದರೂ ನಮ್ಮ ಊರುಗಳಲ್ಲಿ ತಂದೆ ತೀರಿದ ನಲ್ವತ್ತು ದಿನಗಳೊಳಗೆ ಹೆಣ್ಣುಮಕ್ಕಳ ಮುಂದೆ ಹಕ್ಕು ಬಿಡುಗಡೆ ಪತ್ರ ಬರುವುದುಂಟು. ‘ಮದುವೆಗೆ ಅಷ್ಟು ಖರ್ಚು ಮಾಡಿದ್ದೇವಲ್ಲ’ ಎನ್ನುತ್ತಾರೆ. ‘ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ’ ಎಂದು ನೆರೆಯವರು ಹೆದರಿಸುತ್ತಾರೆ. ಅವಳು ತಲೆ ತಗ್ಗಿಸಿ ಸಹಿ ಹಾಕುತ್ತಾಳೆ. ಅದನ್ನು ನಾವು ಅಣ್ಣತಮ್ಮಂದಿರ ಮೇಲಿನ ಪ್ರೀತಿ ಎಂದು ಕರೆಯುತ್ತೇವೆ.

ಮನ್ನುಜಾನ್ ಕೂಡ ಕೊನೆಗೆ ತಮ್ಮನಿಗೇ ಕೊಟ್ಟರಲ್ಲ ಎಂದು ನೀವು ಕೇಳಬಹುದು. ಹೌದು, ಕೊಟ್ಟರು. ಆದರೆ ಅದಕ್ಕೆ ಮೊದಲು ಆ ಆಸ್ತಿ ಅವರ ಕೈಯಲ್ಲಿತ್ತು. ದಶಕಗಳ ಕಾಲ ಅವರೇ ಅದರ ಒಡತಿ. ಯಾರಿಗೆ, ಯಾವಾಗ ಕೊಡಬೇಕೆಂದು ಅವರೇ ತೀರ್ಮಾನಿಸಿದರು. ನಮ್ಮ ಮಗಳ ಪಾಲು ಮೊದಲು ಅವಳ ಹೆಸರಿಗೆ ಬರಲಿ. ನಂತರ ಅವಳು ಇಟ್ಟುಕೊಳ್ಳಲಿ, ಅಣ್ಣನಿಗೇ ಕೊಡಲಿ, ಮದ್ರಸಕ್ಕೆ ಕೊಡಲಿ, ಅದು ಅವಳ ಇಷ್ಟ. ಹಾಗೆ ಕೊಟ್ಟದ್ದನ್ನು ಪ್ರೀತಿ ಎನ್ನಬಹುದು.

ಕೋಲ್ಕತಾದಲ್ಲಿ ಒಂದು ಸಂಜೆ

ಹಡಗು ಕೋಲ್ಕತಾಕ್ಕೆ ಮರಳಿದ ಮೇಲೆ ಒಂದು ಸಂಜೆ ಉಳಿದಿದ್ದರೆ ಧರ್ಮತಲಾದ ಟಿಪ್ಪು ಸುಲ್ತಾನ್ ಮಸೀದಿಗೆ ಹೋಗಿ. ಮುಹ್ಸಿನ್ ವಕ್ಫ್ ಪತ್ರ ಬರೆದ 1806ರಲ್ಲೇ ವೆಲ್ಲೂರಿನ ಸಿಪಾಯಿ ಬಂಡಾಯ ನಡೆದು, ಬ್ರಿಟಿಷರು ಟಿಪ್ಪುವಿನ ಮಕ್ಕಳನ್ನು ಅಲ್ಲಿಂದ ಕಲ್ಕತ್ತಾಕ್ಕೆ ಸಾಗಿಸಿದರು. ಕಿರಿಯ ಮಗ ಗುಲಾಮ್ ಮುಹಮ್ಮದ್ 1842ರಲ್ಲಿ ಕಟ್ಟಿಸಿದ ಮಸೀದಿ ಇದು. ನಮ್ಮ ಶ್ರೀರಂಗಪಟ್ಟಣದ ಮನೆತನದ ಗುರುತು ಅಷ್ಟು ದೂರದಲ್ಲಿದೆ. ಅದೇ ನಗರದಲ್ಲಿ ಬೇಗಂ ರುಕಯ್ಯಾ ಸಖಾವತ್ ಹುಸೈನ್ ಎಂಬ ವಿಧವೆ, ಪತಿ ಬಿಟ್ಟುಹೋದ ಹಣದಿಂದ 1911ರಲ್ಲಿ ಎಂಟು ಹುಡುಗಿಯರೊಂದಿಗೆ ಶಾಲೆ ನಡೆಸಲಾರಂಭಿಸಿದರು. ಸಖಾವತ್ ಮೆಮೋರಿಯಲ್ ಶಾಲೆ ಇಂದಿಗೂ ಲಾರ್ಡ್ ಸಿನ್ಹಾ ರಸ್ತೆಯಲ್ಲಿ ನಡೆಯುತ್ತಿದೆ.

ಹೊರಡುವ ಮುನ್ನ

* ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತವಾಗಿರುತ್ತದೆ. ಬೇಸಿಗೆಯಲ್ಲಿ ವಯಸ್ಸಾದವರನ್ನು ಕರೆದೊಯ್ಯಬೇಡಿ. ಮುಹರ್ರಮ್ ದಿನಗಳಲ್ಲಿ ಜನಸಂದಣಿ ಇರುತ್ತದೆ.

* ಸಮುದ್ರದ ಉಬ್ಬರವಿಳಿತ ಹೂಗ್ಲಿಯವರೆಗೂ ತಟ್ಟುತ್ತದೆ. ನೀರಿಳಿದಾಗ ಘಾಟ್‌ನ ಮೆಟ್ಟಿಲುಗಳಲ್ಲಿ ಕೆಸರು, ಪಾಚಿ. ಬುರ್ಖಾದ ಅಂಚು ಕಾಲಿಗೆ ಸಿಗದಂತೆ ಎತ್ತಿ ಹಿಡಿಯಿರಿ, ಜಾರದ ಚಪ್ಪಲಿ ಹಾಕಿ, ಮಕ್ಕಳ ಕೈ ಬಿಡಬೇಡಿ.

* ಹಡಗು ಹೊರಡುವ ಸಮಯವನ್ನು ಇಳಿಯುವಾಗಲೇ ಕೇಳಿ, ಅರ್ಧ ಗಂಟೆ ಮೊದಲೇ ಮರಳಿ. ಪಟ್ಟಣದೊಳಗೆ ಓಡಾಡಲು ‘ಟೋಟೋ’ ಎಂದು ಕರೆಯುವ ಬ್ಯಾಟರಿ ರಿಕ್ಷಾಗಳು ಸಿಗುತ್ತವೆ. ಸಮಯ ಉಳಿದರೆ ಚಿನ್ಸುರಾದ ಕಾಲೇಜನ್ನು ಹೊರಗಿನಿಂದ ನೋಡಬಹುದು.

* ರೈಲಿನಲ್ಲಿ ಹೋಗುವವರು ಹೌರಾದಿಂದ ಬ್ಯಾಂಡೆಲ್ ಲೋಕಲ್ ಹಿಡಿದು ಹೂಗ್ಲಿಯಲ್ಲಿ ಇಳಿಯಬಹುದು, ಸುಮಾರು ಒಂದು ಗಂಟೆಯ ದಾರಿ. ನದಿಯ ಮೇಲೆ ಹೋಗುವ ಆಸೆಯಿದ್ದರೆ ಸಿಯಾಲ್ದಾದಿಂದ ನೈಹಾಟಿಗೆ ಹೋಗಿ, ಲಾಂಚಿನಲ್ಲಿ ಚಿನ್ಸುರಾಕ್ಕೆ ದಾಟಿ. ಕೆಲವೇ ರೂಪಾಯಿಗಳಲ್ಲಿ ಮಕ್ಕಳಿಗೆ ದೋಣಿಯ ಸವಾರಿ.

* ಹಲಾಲ್ ಊಟದ ವಿಷಯವನ್ನು ಟಿಕೆಟ್ ಮಾಡುವಾಗಲೇ ಹೇಳಿ. ಬಂಗಾಳದಲ್ಲಿ ಮೀನಿಗೆ ಬರವಿಲ್ಲ.

* ಕರ್ನಾಟಕದಿಂದ ಹೋದವರು ಅಲ್ಲಿ ಪ್ರಯಾಣಿಕರು. ನಾಲ್ಕು ರಕಅತ್‌ಗಳ ಫರ್ಝ್ ನಮಾಝನ್ನು ಎರಡಾಗಿ ನಿರ್ವಹಿಸುವ ಸವಲತ್ತಿದೆ. ಎರಡು ನಮಾಝ್‌ಗಳನ್ನು ಜೊತೆಗೂಡಿಸುವ ವಿಷಯದಲ್ಲಿ ಶಾಫಿಈ, ಹನಫಿ ಮಝ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ. ನಿಮ್ಮ ಊರಿನ ಉಲಮಾರಲ್ಲಿ ಕೇಳಿಕೊಂಡು ಹೊರಡಿ. ಹಡಗಿನಲ್ಲಿ ಸಾಧ್ಯವಾದರೆ ನಿಂತೇ ನಮಾಝ್ ಮಾಡಿ, ತಲೆ ಸುತ್ತಿದರೆ ಕುಳಿತು ಮಾಡಬಹುದು. ಅಲ್ಲಿ ಕಿಬ್ಲಾ ಹೆಚ್ಚುಕಡಿಮೆ ಪಶ್ಚಿಮಕ್ಕೇ. ಹಡಗು ತಿರುಗಿದಂತೆ ನೀವೂ ತಿರುಗಿಕೊಳ್ಳಿ.

* ಹಡಗು ಏರುವಾಗ ನೂಹ್(ಅ)ರು ಹೇಳಿದ ಮಾತು ಸೂರಃ ಹೂದ್‌ನ 41ನೇ ವಚನದಲ್ಲಿದೆ. ಮಕ್ಕಳಿಗೆ ಮನೆಯಲ್ಲೇ ಕಲಿಸಿ, ಹಲಗೆಯ ಮೇಲೆ ಕಾಲಿಡುವಾಗ ಅವರ ಬಾಯಿಂದಲೇ ಹೇಳಿಸಿ.

ಭೂಮಿಯಲ್ಲಿ ಸಂಚರಿಸಿ ಕಣ್ಣುತೆರೆದು ನೋಡಲು ಕುರ್‌ಆನ್ ನಮಗೆ ಹೇಳಿದೆ. ಹೂಗ್ಲಿಗೆ ಹೋಗಲು ಎಲ್ಲರಿಗೂ ಆಗದು. ಹೋಗದವರೂ ಒಂದು ಕೆಲಸ ಮಾಡಬಹುದು. ನಿಮ್ಮ ಮನೆಯಲ್ಲಿ ಹೆಣ್ಣುಮಗಳಿಗೆ ಸಲ್ಲಬೇಕಾದ ಪಾಲು ಇನ್ನೂ ಬಾಕಿಯಿದ್ದರೆ, ಈ ತಿಂಗಳು ಅದರ ಮಾತೆತ್ತಿ. ಪತಿಯೊಂದಿಗೆ, ಅಣ್ಣತಮ್ಮಂದಿರೊಂದಿಗೆ ಸಮಾಧಾನದಿಂದ ಮಾತನಾಡಿ. ತಂದೆತಾಯಿ ಬದುಕಿರುವಾಗಲೇ ಲೆಕ್ಕ ಬರೆದಿಡಲಿ. ಅಲ್ಲಾಹನು ನಮ್ಮ ಮನೆಗಳಲ್ಲಿ ನ್ಯಾಯವನ್ನೂ ಬರಕತ್ತನ್ನೂ ಕರುಣಿಸಲಿ, ಆಮೀನ್.