ಎಂಜಿನ್ನನ್ನೇ ಬ್ರೇಕ್ ಮಾಡಿದ ಕ್ಲೆಸ್ಸಿ ಕಮಿನ್ಸ್

ಲಾರಿಗೆ ಗುಡ್ಡ ಹತ್ತೋದು ಕಷ್ಟವೋ, ಇಳಿಯೋದು ಕಷ್ಟವೋ? ಕೇಳಿದ ತಕ್ಷಣ ನಮ್ಮಲ್ಲಿ ಹೆಚ್ಚಿನವರು ‘ಹತ್ತೋದು’ ಅಂತೀವಿ. ಶಿರಾಡಿ ಘಾಟಿಯಲ್ಲಿ ಲೋಡ್ ಗಾಡಿ ಓಡಿಸುವ ಚಾಲಕರನ್ನು ಕೇಳಿ ನೋಡಿ, ಉತ್ತರ ಬೇರೆಯೇ ಬರುತ್ತದೆ. ಹತ್ತುವಾಗ ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಇಳಿಯುವಾಗ ಬ್ರೇಕ್ ಸೋತರೆ ಗಾಡಿ ನಿಲ್ಲೋದಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. 36 ಟನ್ ತೂಕದ ಲಾರಿಯೊಂದು, ಪ್ರತಿ 100 ಮೀಟರಿಗೆ 6 ಮೀಟರ್ ಇಳಿಯುವ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುತ್ತಿದೆ. ವೇಗ ಏರದಂತೆ ಹಿಡಿಯಬೇಕಾದರೆ ಗುರುತ್ವ ಕೊಡುತ್ತಿರುವ ಶಕ್ತಿಯನ್ನೆಲ್ಲ ಎಲ್ಲಾದರೂ ಕಳೆಯಲೇಬೇಕು. ಅದು ಸೆಕೆಂಡಿಗೆ ಸುಮಾರು 350 ಕಿಲೋಜೂಲ್, ಅಂದರೆ 350 ಕಿಲೋವ್ಯಾಟ್. ಗಾಳಿ ಮತ್ತು ಟೈರುಗಳು ಸ್ವಲ್ಪ ತಿಂದರೂ 300ರ ಆಸುಪಾಸು ಉಳಿಯುತ್ತದೆ. ಹಾಸ್ಟೆಲ್‌ನಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ಬಕೆಟ್ಟಿಗೆ ಇಳಿಬಿಡುತ್ತೀವಲ್ಲ, ಅಂಥ 1 ಕಿಲೋವ್ಯಾಟ್‌ನ ಕಾಯಿಲ್ ಹೀಟರುಗಳು ಮುನ್ನೂರು! ಅಷ್ಟೂ ಶಾಖ ಕೆಲವೇ ಬ್ರೇಕ್ ಡ್ರಮ್ಮುಗಳ ಮೇಲೆ. ಡ್ರಮ್ ಕಾದು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಲೈನಿಂಗ್‌ನ ಘರ್ಷಣೆ ಕುಸಿಯುತ್ತದೆ. ಪೆಡಲ್ ಎಷ್ಟು ತುಳಿದರೂ ಗಾಡಿ ಕೇಳೋದಿಲ್ಲ. ಇದೇ ಬ್ರೇಕ್ ಫೇಡ್.

1931ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕಾಹೋನ್ ಪಾಸ್ ಎಂಬ ಕಣಿವೆ ರಸ್ತೆಯಲ್ಲಿ ಕ್ಲೆಸ್ಸಿ ಕಮಿನ್ಸ್‌ಗೆ ಆದದ್ದು ಇದೇ. ಡೀಸೆಲ್ ಎಂಜಿನ್ನಿನ ತಾಕತ್ತು ಜಗತ್ತಿಗೆ ತೋರಿಸಬೇಕೆಂದು ಆತ ತನ್ನ ಎಂಜಿನ್ ಕೂರಿಸಿದ ಟ್ರಕ್ಕಿನಲ್ಲಿ ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಹೊರಟಿದ್ದ. ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟಿತು. ಕೆಳಗೆ ರೈಲ್ವೆ ಕ್ರಾಸಿಂಗ್, ಅದರ ಮೇಲೆ ಹೋಗುತ್ತಿದ್ದ ಗೂಡ್ಸ್ ರೈಲು. ರೈಲಿನ ಕೊನೆಯ ಡಬ್ಬಿ ದಾಟಿದ್ದಕ್ಕೂ ಟ್ರಕ್ ಹಳಿ ದಾಟಿದ್ದಕ್ಕೂ ಕೂದಲೆಳೆಯ ಅಂತರ.

ಈ ಕಮಿನ್ಸ್ ಯಾರು ಅಂದರೆ, ಇವತ್ತಿಗೂ ಲಾರಿ, ಜನರೇಟರ್‌ಗಳ ಮೇಲೆ ಕಾಣುವ ಆ ಹೆಸರಿನ ಕಂಪನಿಯನ್ನು 1919ರಲ್ಲಿ ಶುರುಮಾಡಿದವನು. ಓದಿದ್ದು ಎಂಟನೇ ತರಗತಿ. ಬ್ಯಾಂಕರ್ ಒಬ್ಬರ ಕಾರಿನ ಡ್ರೈವರ್ ಮತ್ತು ಮೆಕ್ಯಾನಿಕ್ ಆಗಿದ್ದ. (ಸಪ್ಲಿಮೆಂಟರಿ ಬರೆಯುತ್ತಿರುವ ಗೆಳೆಯರು ಇದನ್ನು ಮನೆಯಲ್ಲಿ ವಾದಕ್ಕೆ ಬಳಸಬೇಡಿ.)

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದಲ್ಲ? ಪೆಟ್ರೋಲ್ ಎಂಜಿನ್ ಚೆನ್ನಾಗಿಯೇ ಹಿಡಿಯುತ್ತದೆ. ಅದರ ಥ್ರಾಟಲ್ ಮುಚ್ಚಿದಾಗ ಪಿಸ್ಟನ್ ಅರೆ ನಿರ್ವಾತದ ವಿರುದ್ಧ ಗಾಳಿ ಎಳೆಯಬೇಕಾಗುತ್ತದೆ. ಆ ಕಾಲದ ಡೀಸೆಲ್ ಎಂಜಿನ್ನಿಗೆ ಥ್ರಾಟಲ್ಲೇ ಇರಲಿಲ್ಲ. ಗಾಳಿ ಸಲೀಸಾಗಿ ಒಳಬರುತ್ತದೆ. ಹಾಗಾದರೆ ಕಂಪ್ರೆಷನ್? 16:1 ಅನುಪಾತದಲ್ಲಿ ಗಾಳಿಯನ್ನು ಒತ್ತಿದಾಗ, ಥರ್ಮೋಡೈನಮಿಕ್ಸ್ ಕ್ಲಾಸಿನ ಆದರ್ಶ ಲೆಕ್ಕದಂತೆ, ಒತ್ತಡ 48 ಪಟ್ಟು ಏರುತ್ತದೆ. ಅದಕ್ಕೆ ಚಕ್ರಗಳೇ ಕೆಲಸ ಮಾಡಬೇಕು, ನಿಜ. ಆದರೆ ಪಿಸ್ಟನ್ ಕೆಳಗಿಳಿಯುವಾಗ ಅದೇ ಗಾಳಿ ಸ್ಪ್ರಿಂಗಿನ ಹಾಗೆ ಹಿಗ್ಗಿ, ತೆಗೆದುಕೊಂಡದ್ದರಲ್ಲಿ ಬಹುಪಾಲನ್ನು ವಾಪಸ್ ಕೊಟ್ಟುಬಿಡುತ್ತದೆ. ಒಂದು ಕೈಲಿ ಇಸ್ಕೊಂಡು ಇನ್ನೊಂದು ಕೈಲಿ ಕೊಟ್ಟ ಹಾಗೆ. ಲಾಭ ಇಲ್ಲ.

ವಾಪಸ್ ಕೊಡದಂತೆ ಮಾಡಿದರೆ? ಪಿಸ್ಟನ್ ಮೇಲಿನ ತುದಿ ಮುಟ್ಟುವ ಹೊತ್ತಿಗೆ ಎಕ್ಸಾಸ್ಟ್ ವಾಲ್ವನ್ನು ಒಂಚೂರು ತೆರೆದು, ಒತ್ತಿಟ್ಟ ಗಾಳಿಯನ್ನೆಲ್ಲ ಹೊರಗೆ ಬಿಟ್ಟರೆ? ಸ್ಪ್ರಿಂಗ್ ಮಾಯ. ಚಕ್ರದಿಂದ ಕಿತ್ತುಕೊಂಡ ಶಕ್ತಿ ಬಿಸಿ ಗಾಳಿಯಾಗಿ ಸೈಲೆನ್ಸರ್‌ನಿಂದ ಹೊರಟುಹೋಗುತ್ತದೆ. ಶಕ್ತಿ ಹುಟ್ಟಿಸುವ ಯಂತ್ರ ಶಕ್ತಿ ನುಂಗುವ ಕಂಪ್ರೆಸರ್ ಆಗಿಬಿಡುತ್ತದೆ.

ಹೇಳೋದು ಸುಲಭ. ವಾಲ್ವ್ ಬೇಗ ತೆರೆದರೆ ಗಾಳಿ ಪೂರ್ತಿ ಒತ್ತುವ ಮೊದಲೇ ಸೋರಿಹೋಗುತ್ತದೆ. ತಡವಾದರೆ ಅದು ಆಗಲೇ ಪಿಸ್ಟನ್ನನ್ನು ಕೆಳಗೆ ದೂಡಲು ಶುರುಮಾಡಿರುತ್ತದೆ. ಸಾಮಾನ್ಯ ಎಕ್ಸಾಸ್ಟ್ ಕ್ಯಾಮ್ ಆ ಕ್ಷಣದಲ್ಲಿ ಸುಮ್ಮನಿರುತ್ತದೆ. ಇನ್ನೊಂದು ಕ್ಯಾಮ್ ಹಾಕೋಣವೆಂದರೆ ಓಡುತ್ತಿರುವ ಎಂಜಿನ್‌ಗಳನ್ನೆಲ್ಲ ಬಿಚ್ಚಬೇಕು.

ಕಂಪನಿ ಬಿಟ್ಟು ನಿವೃತ್ತನಾದ ಮೇಲೆ, 1950ರ ದಶಕದಲ್ಲಿ ಕ್ಲೆಸ್ಸಿಗೆ ಉತ್ತರ ಹೊಳೆಯಿತು. ನಮಗೆ ತುಂಬಾ ಇಷ್ಟವಾಗೋದು ಇದೇ ಭಾಗ. ಕಮಿನ್ಸ್ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರಿಗೆ ಇನ್‌ಲೆಟ್, ಎಕ್ಸಾಸ್ಟ್ ಅಲ್ಲದೆ ಮೂರನೇ ಕ್ಯಾಮ್ ಒಂದಿತ್ತು: ಇಂಜೆಕ್ಟರನ್ನು ಒತ್ತಲು. ಅದು ಒತ್ತುವುದು ಯಾವಾಗ? ಕಂಪ್ರೆಷನ್ ಮುಗಿಯುವ ಹೊತ್ತಿಗೆ, ಸರಿಯಾಗಿ ಬೇಕಾದ ಕ್ಷಣಕ್ಕೇ! ಬ್ರೇಕ್ ಬೇಕಾದಾಗ ಡೀಸೆಲ್ ಹೇಗೂ ಬೇಡ, ಹಾಗಾಗಿ ಇಂಜೆಕ್ಟರಿನ ಆ ಚಲನೆ ದಂಡವಾಗಿ ಹೋಗುತ್ತಿತ್ತು. ಆತ ಅದನ್ನು ಎಕ್ಸಾಸ್ಟ್ ವಾಲ್ವಿಗೆ ಸಾಗಿಸಿದ. ಸ್ವಿಚ್ ಒತ್ತಿದರೆ ಎಂಜಿನ್ ಆಯಿಲ್ ಒಂದು ಸಣ್ಣ ಕೊಳವೆಯಲ್ಲಿ ತುಂಬಿ, ಚೆಕ್ ವಾಲ್ವಿನಿಂದ ಬಂದ್ ಆಗುತ್ತದೆ. ಇಂಜೆಕ್ಟರ್ ರಾಕರ್ ಒಂದು ತುದಿಯ ಮಾಸ್ಟರ್ ಪಿಸ್ಟನ್ನನ್ನು ತಳ್ಳುತ್ತದೆ, ಇನ್ನೊಂದು ತುದಿಯ ಸ್ಲೇವ್ ಪಿಸ್ಟನ್ ಎಕ್ಸಾಸ್ಟ್ ವಾಲ್ವನ್ನು ಒಂದೆರಡು ಮಿಲಿಮೀಟರ್ ಒತ್ತುತ್ತದೆ. ಸ್ವಿಚ್ ತೆಗೆದರೆ ಆಯಿಲ್ ಖಾಲಿ, ಎಂಜಿನ್ ಮತ್ತೆ ಎಂದಿನಂತೆ. ಕ್ಯಾಮ್‌ಶಾಫ್ಟ್ ಮುಟ್ಟುವ ಹಾಗೇ ಇಲ್ಲ, ಎಂಜಿನ್ ತಲೆಯ ಮೇಲೆ ಒಂದು ಪೆಟ್ಟಿಗೆ ಕೂರಿಸಿದರೆ ಸಾಕು.

ಇದನ್ನು ಮಾರುಕಟ್ಟೆಗೆ ತಂದದ್ದು ಎಂಜಿನ್ ಕಂಪನಿಯಲ್ಲ. ಡ್ರಿಲ್ ಚಕ್ ಮಾಡುತ್ತಿದ್ದ ಜೇಕಬ್ಸ್ ಕಂಪನಿ, 1961ರಲ್ಲಿ. ಹೌದು, ನಮ್ಮ ವರ್ಕ್‌ಶಾಪಿನಲ್ಲಿ ಕೀ ಕಳೆದುಹೋಗಿ ಬೈಸಿಕೊಳ್ಳುತ್ತೀವಲ್ಲ, ಅಂಥದೇ ಚಕ್. ಹಾಗಾಗಿಯೇ ಅಮೆರಿಕದ ಚಾಲಕರ ಬಾಯಲ್ಲಿ ಇದು ‘ಜೇಕ್ ಬ್ರೇಕ್’. ಒಳ್ಳೆಯ ಸೈಲೆನ್ಸರ್ ಇಲ್ಲದ ಟ್ರಕ್ಕಿನಲ್ಲಿ ಇದರ ಸದ್ದು ಮಷಿನ್ ಗನ್ ಹೊಡೆದಂತೆ. ಅಲ್ಲಿನ ಎಷ್ಟೋ ಊರುಗಳ ಹೊರಗೆ ‘ಎಂಜಿನ್ ಬ್ರೇಕ್ ಬಳಸಬೇಡಿ’ ಎಂಬ ಬೋರ್ಡ್ ಇದೆ. ಜೀವ ಉಳಿಸುವ ಉಪಕರಣಕ್ಕೆ ನಿಷೇಧದ ಬೋರ್ಡ್ ಹಾಕೋದಕ್ಕಿಂತ ಸೈಲೆನ್ಸರ್ ಸರಿ ಮಾಡಿಸೋದು ಮೇಲು ಅಂತ ನಮ್ಮ ಅಭಿಪ್ರಾಯ.

ನಮ್ಮ ಲಾರಿ, ಬಸ್ಸುಗಳಲ್ಲಿ ಹೆಚ್ಚಾಗಿ ಸಿಗುವ ‘ಎಕ್ಸಾಸ್ಟ್ ಬ್ರೇಕ್’ ಬೇರೆ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಅದರಲ್ಲಿ ಎಕ್ಸಾಸ್ಟ್ ಪೈಪಿಗೇ ಒಂದು ಬಟರ್‌ಫ್ಲೈ ವಾಲ್ವ್ ಅಡ್ಡ ಬರುತ್ತದೆ, ಪಿಸ್ಟನ್ ಆ ಒತ್ತಡದ ವಿರುದ್ಧ ಹೊಗೆ ನೂಕಲು ತಿಣುಕುತ್ತದೆ. ಸರಳ, ಅಗ್ಗ. ಆದರೆ ಒತ್ತಡ ಮಿತಿ ಮೀರಿದರೆ ಅದೇ ಎಕ್ಸಾಸ್ಟ್ ವಾಲ್ವುಗಳನ್ನು ಸೀಟಿನಿಂದ ಎತ್ತಿಬಿಡುತ್ತದೆ, ಹಾಗಾಗಿ ಹಿಡಿತಕ್ಕೂ ಒಂದು ಮಿತಿ. ಇನ್ನು, ಡೀಸೆಲ್ ಉಳಿಸುತ್ತೀನಿ ಅಂತ ಘಾಟಿಯಲ್ಲಿ ನ್ಯೂಟ್ರಲ್ಲಿಗೆ ಹಾಕಿ ಇಳಿಸುವವರಿಗೆ ಇವೆರಡೂ ಪ್ರಯೋಜನವಿಲ್ಲ. ಚಕ್ರಕ್ಕೂ ಎಂಜಿನ್ನಿಗೂ ಸಂಬಂಧವೇ ಕಡಿದ ಮೇಲೆ ವಾಲ್ವ್ ಯಾವುದಾದರೇನು?

ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಇಂಜೆಕ್ಟರ್ ಕ್ಯಾಮೇ ಇಲ್ಲ, ಕ್ಲೆಸ್ಸಿ ಕದ್ದ ಆ ಚಲನೆಯೂ ಇಲ್ಲ. ಆದರೂ ಉಪಾಯ ಉಳಿದಿದೆ. ಹಲವು ಎಂಜಿನ್‌ಗಳಲ್ಲಿ ಎಕ್ಸಾಸ್ಟ್ ಕ್ಯಾಮಿನ ಮೇಲೇ ಬ್ರೇಕಿಗೆಂದು ಪುಟ್ಟ ಉಬ್ಬೊಂದನ್ನು ಕೊಟ್ಟಿರುತ್ತಾರೆ. ಸಾಮಾನ್ಯ ಓಟದಲ್ಲಿ ಅದು ರಾಕರಿನ ಸಂದಿನಲ್ಲೇ ಕಳೆದುಹೋಗುತ್ತದೆ, ವಾಲ್ವಿಗೆ ತಲುಪೋದೇ ಇಲ್ಲ. ಚಾಲಕ ಸ್ವಿಚ್ ಒತ್ತಿದಾಗ ಆ ಸಂದಿಗೆ ಆಯಿಲ್ ತುಂಬಿಕೊಳ್ಳುತ್ತದೆ, ಉಬ್ಬು ವಾಲ್ವನ್ನು ಮುಟ್ಟುತ್ತದೆ.