ಹಿಂದಕ್ಕೆ ದಾರಿಯಿಲ್ಲದ ಅಪ್‌ಡೇಟ್

2016ರ ಮೇ 16ರಂದು ಆಪಲ್ ಕಂಪನಿ ಐಒಎಸ್ 9.3.2 ಬಿಡುಗಡೆ ಮಾಡಿತು. ಸಣ್ಣಪುಟ್ಟ ದೋಷ ತಿದ್ದುವ ಮಾಮೂಲಿ ಅಪ್‌ಡೇಟ್. ಆದರೆ ಅದನ್ನು ಹಾಕಿಕೊಂಡ ಕೆಲವು 9.7 ಇಂಚಿನ ಐಪ್ಯಾಡ್ ಪ್ರೊಗಳು ಮತ್ತೆ ಏಳಲೇ ಇಲ್ಲ. ಕಂಪ್ಯೂಟರಿಗೆ ಜೋಡಿಸಿದರೆ ‘ಎರರ್ 56’ ಎಂಬ ಸಂದೇಶ. ಆ ಸಂಖ್ಯೆಯ ಅರ್ಥ ಹುಡುಕಿ ಕಂಪನಿಯದೇ ಸಹಾಯ ಪುಟಕ್ಕೆ ಹೋದರೆ, ಅದು ಹಾರ್ಡ್‌ವೇರ್ ದೋಷ ಎಂದಿತ್ತು. ಕೊಂಡು ಎರಡು ತಿಂಗಳೂ ಆಗದ, ನಿನ್ನೆಯವರೆಗೆ ಚೆನ್ನಾಗಿದ್ದ ಟ್ಯಾಬ್ಲೆಟ್ಟಿನ ಹಾರ್ಡ್‌ವೇರ್ ಅಪ್‌ಡೇಟ್ ಮುಗಿದ ಗಳಿಗೆಯಲ್ಲೇ ಕೆಟ್ಟಿತೆಂದರೆ ಯಾರು ನಂಬುತ್ತಾರೆ? ಕಡೆಗೆ ಕಂಪನಿ ಆ ಮಾದರಿಗೆ ಅಪ್‌ಡೇಟನ್ನು ಹಿಂತೆಗೆದುಕೊಂಡು, ಜೂನ್ 2ರಂದು ತಿದ್ದಿದ ಆವೃತ್ತಿ ಕೊಟ್ಟಿತು.

ಟ್ಯಾಬ್ಲೆಟ್ ಎಚ್ಚರಗೊಳ್ಳುವುದು ಮೆಟ್ಟಿಲು ಮೆಟ್ಟಿಲಾಗಿ. ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಬರೆದಿಟ್ಟ, ಯಾರೂ ಅಳಿಸಲಾಗದ ಪುಟ್ಟ ಪ್ರೋಗ್ರಾಂ ಮೊದಲು ಓಡುತ್ತದೆ. ಅದು ಮುಂದಿನ ಪ್ರೋಗ್ರಾಮಿನ ಡಿಜಿಟಲ್ ಸಹಿ ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಕೆಲಸ ಒಪ್ಪಿಸುತ್ತದೆ. ಆ ಎರಡನೆಯದು ತನ್ನ ಮುಂದಿನದನ್ನು ಪರೀಕ್ಷಿಸುತ್ತದೆ. ಅಪ್‌ಡೇಟ್ ಈ ಸರಪಳಿಯ ಕೊಂಡಿಗಳನ್ನೇ ಬದಲಿಸುತ್ತದೆ. ಒಂದು ಕೊಂಡಿ ತಪ್ಪಿದರೂ ಯಂತ್ರ ಅಲ್ಲಿಗೇ ನಿಲ್ಲುತ್ತದೆ, ನಿಲ್ಲಲೇಬೇಕು; ಕಳ್ಳ ತಂತ್ರಾಂಶ ನುಸುಳದಂತೆ ತಡೆಯುವುದು ಆ ಹಟವೇ.

ಹಾಗಾದರೆ ಹಳೆಯದಕ್ಕೇ ಮರಳಬಾರದೇಕೆ? ಐಪ್ಯಾಡಿನಲ್ಲಿ ಯಾವ ಆವೃತ್ತಿ ಹಾಕಬೇಕಾದರೂ ಆ ಸಾಧನದ ಗುರುತು ಕಳಿಸಿ ಆಪಲ್‌ನ ಸರ್ವರಿನಿಂದ ಅನುಮತಿ ಪಡೆಯಬೇಕು. ಹೊಸತು ಬಂದ ಸ್ವಲ್ಪ ಕಾಲಕ್ಕೆ ಹಳೆಯದಕ್ಕೆ ಅನುಮತಿ ನಿಲ್ಲುತ್ತದೆ. ಹಳೆಯ ಭದ್ರತಾ ದೋಷಗಳು ಮರಳಬಾರದೆಂಬುದು ಕಾರಣ. ಸಮಂಜಸವೇ. ಆದರೆ ಫೋನಿನ ಆಚೆ ಬದಿಯ ಕಸ್ಟಮರ್ ಕೇರ್ ಸಿಬ್ಬಂದಿಯ ಕೈಯನ್ನೂ ಅದು ಕಟ್ಟಿಹಾಕುತ್ತದೆ. ‘ರೀಸ್ಟಾರ್ಟ್ ಮಾಡಿ, ಫ್ಯಾಕ್ಟರಿ ರೀಸೆಟ್ ಮಾಡಿ, ಸರ್ವಿಸ್ ಸೆಂಟರಿಗೆ ತನ್ನಿ’ ಎಂಬ ಜಪಕ್ಕೆ ಸೋಮಾರಿತನ ಅಷ್ಟೇ ಕಾರಣವಲ್ಲ. ಅವರ ಬಳಿ ಇರುವ ಸಲಕರಣೆಯೇ ಅಷ್ಟು. ರೀಸೆಟ್ ನಿಮ್ಮ ಫೋಟೊ, ಕಡತಗಳನ್ನು ಅಳಿಸುತ್ತದೆ. ಕೆಟ್ಟ ಅಪ್‌ಡೇಟನ್ನು ಮುಟ್ಟುವುದೂ ಇಲ್ಲ!

ಪೂರ್ತಿ ಸಾಯದೆ ನರಳುವ ಬಗೆ ಇನ್ನೊಂದು. ಗೂಗಲ್‌ಗಾಗಿ ಆಸುಸ್ ತಯಾರಿಸಿದ 2012ರ ನೆಕ್ಸಸ್ 7ಕ್ಕೆ 2014ರ ಕೊನೆಯಲ್ಲಿ ಆಂಡ್ರಾಯ್ಡ್ 5 ಬಂತು. ಮುಟ್ಟಿದರೆ ಪ್ರತಿಕ್ರಿಯಿಸಲು ತಡವರಿಸುವ ಟ್ಯಾಬ್ಲೆಟ್ ಆಯಿತೆಂದು ಬಳಕೆದಾರರು ಗೋಳಾಡಿದರು. ಅದರಲ್ಲಿದ್ದದ್ದು 1 ಜಿಬಿ ರ‍್ಯಾಮ್, ಅಗ್ಗದ ಫ್ಲ್ಯಾಶ್ ಮೆಮೊರಿ. ಆ ಆವೃತ್ತಿಯಲ್ಲಿ ಆ್ಯಪ್‌ಗಳನ್ನು ಮೊದಲೇ ಯಂತ್ರಭಾಷೆಗೆ ಇಳಿಸಿಡುವ ಕ್ರಮ ಬಂದಿತ್ತು; ಅದಕ್ಕೆ ಜಾಗ ಹೆಚ್ಚು ಬೇಕು. ಫ್ಲ್ಯಾಶಿನಲ್ಲೋ ಬರೆದದ್ದರ ಮೇಲೇ ಬರೆಯಲಾಗದು, ದೊಡ್ಡ ತುಂಡನ್ನೇ ಅಳಿಸಿ ಬರೆಯಬೇಕು. ಜಾಗ ತುಂಬಿದಷ್ಟೂ ಈ ಎತ್ತಿಹಾಕುವ ಕೆಲಸ ಹೆಚ್ಚು, ವೇಗ ಕಡಿಮೆ. ಹಳೆಯ ಆವೃತ್ತಿಯ ಕಡತಗಳನ್ನು ಗೂಗಲ್ ಎಲ್ಲರಿಗೂ ಸಿಗುವಂತೆ ಇಟ್ಟಿದ್ದರಿಂದ, ತಿಳಿದವರು ಟ್ಯಾಬ್ಲೆಟ್ಟಿನ ಬೀಗ ತೆಗೆದು ಹಿಂದಕ್ಕೆ ಹೋದರು. ತಿಳಿಯದವರು ಡ್ರಾಯರಿನಲ್ಲಿಟ್ಟರು.

2018ರ ಅಕ್ಟೋಬರಿನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಫೋನುಗಳ ವಿಷಯದಲ್ಲಿ ಇದೇ ನೋವನ್ನು ಹಿಡಿಯಿತು. ಫೋನನ್ನು ನಿಧಾನಗೊಳಿಸುವ ಅಪ್‌ಡೇಟಿಗೆ ಒತ್ತಾಯಿಸಿ, ಮೊದಲಿನ ಸ್ಥಿತಿಗೆ ಮರಳುವ ಸರಿಯಾದ ಉಪಾಯ ಕೊಡಲಿಲ್ಲವೆಂದು ಆಪಲ್‌ಗೂ ಸ್ಯಾಮ್ಸಂಗ್‌ಗೂ ತಲಾ 50 ಲಕ್ಷ ಯೂರೊ ದಂಡ ಹಾಕಿತು. ಆ ಕಂಪನಿಗಳಿಗೆ ಚಿಲ್ಲರೆ ಹಣ, ನಿಜ. ಆದರೂ ತಪ್ಪನ್ನು ಗುರುತಿಸಿದ ಜಾಗ ಸರಿಯಾಗಿದೆ.

ಎಂಜಿನಿಯರುಗಳ ಬಳಿ ಇದಕ್ಕೆ ಉತ್ತರ ಇಲ್ಲವೆಂದಲ್ಲ. ಆಂಡ್ರಾಯ್ಡ್ 7ರಲ್ಲಿ, 2016ರಲ್ಲೇ, ತಂತ್ರಾಂಶಕ್ಕೆ ಎರಡು ಕೋಣೆ ಕೊಡುವ ವ್ಯವಸ್ಥೆ ಬಂತು. ನೀವು ಒಂದರಲ್ಲಿ ಕೆಲಸ ಮಾಡುತ್ತಿರುವಾಗಲೇ ಹೊಸ ಆವೃತ್ತಿ ಇನ್ನೊಂದರಲ್ಲಿ ಸಿದ್ಧವಾಗುತ್ತದೆ. ಹೊಸತು ಏಳಲಾಗದೆ ಮತ್ತೆ ಮತ್ತೆ ಬಿದ್ದರೆ ಯಂತ್ರ ತಾನಾಗಿ ಹಳೆಯದಕ್ಕೆ ಮರಳುತ್ತದೆ. ಕಸ್ಟಮರ್ ಕೇರಿಗೆ ಫೋನ್ ಮಾಡುವ ಪ್ರಮೇಯವೇ ಇಲ್ಲ. ಇದಕ್ಕೆ ತೆರಬೇಕಾದದ್ದು ಒಂದಿಷ್ಟು ಮೆಮೊರಿ. ಎದ್ದು ನಿಂತ ಮೇಲೆ ನಿಧಾನವಾಗುವ ಕಾಯಿಲೆಗೆ ಮಾತ್ರ ಇದು ಮದ್ದಲ್ಲ, ಏಕೆಂದರೆ ಯಂತ್ರದ ಲೆಕ್ಕದಲ್ಲಿ ಆ ಅಪ್‌ಡೇಟ್ ಯಶಸ್ವಿ.