ಹಾಲು ಹೇಳುವ ರೋಗದ ಗುರುತು

ಮಲಪ್ರಭೆಯ ದಂಡೆಯ ಬೈಲಹೊಂಗಲ, ಸವದತ್ತಿ, ರಾಮದುರ್ಗ ಮತ್ತು ಮಗ್ಗುಲಿನ ಕಿತ್ತೂರು ಸೀಮೆಯಲ್ಲಿ ಒಕ್ಕಲುತನವೆಂದರೆ ಬರೀ ಹತ್ತಿ, ಜೋಳ, ಕಡಲೆ, ಕಬ್ಬು ಅಲ್ಲ. ಹೊಲದ ಬೆಳೆ ವರ್ಷಕ್ಕೊಮ್ಮೆ ಇಲ್ಲವೆ ಎರಡು ಸಲ ಕೈಗೆ ಬಂದರೆ, ದಿನದ ಸಂತೆ ಖರ್ಚನ್ನು ತೂಗಿಸುವುದು ಮನೆಯ ಎಮ್ಮೆ, ಆಕಳು. ಈ ಭಾಗದಲ್ಲಿ ತಲೆಮಾರುಗಳಿಂದ ಸಾಕಿಕೊಂಡು ಬಂದ ಧಾರವಾಡಿ ಎಮ್ಮೆಗೆ 2021 ರಲ್ಲಿ ಪ್ರತ್ಯೇಕ ತಳಿಯೆಂಬ ಮನ್ನಣೆಯೂ ದೊರೆಯಿತು. ಇಂಥ ಎಮ್ಮೆಯ ಒಂದು ಮೊಲೆ ಬತ್ತಿದರೆ, ಇಲ್ಲವೆ ತುಂಬು ಗಬ್ಬದಲ್ಲಿ ಕಂದು ಹಾಕಿದರೆ, ಆ ಮನೆಗೆ ಆಗುವ ನಷ್ಟ ಸಣ್ಣದಲ್ಲ. ವಿಚಿತ್ರವೆಂದರೆ, ಈ ಎರಡೂ ತೊಂದರೆಗಳ ಗುರುತು ಬಹಳ ಮೊದಲೇ ಹಾಲಿನಲ್ಲಿ ಇರುತ್ತದೆ. ನೋಡುವ ಕ್ರಮ ತಿಳಿದಿರಬೇಕು, ಅಷ್ಟೆ.

ಗುರುತು ಎಂದರೇನು?

ದನ ಮೇವು ಬಿಟ್ಟಿತೆಂದರೆ ಮೊದಲು ಜ್ವರ ನೋಡುತ್ತೇವೆ. ಮೈ ಬಿಸಿ ಏರಿದ್ದು ರೋಗವಲ್ಲ, ಅದು ಒಳಗಿನ ರೋಗದ ಗುರುತು. ಹೀಗೆ ರಕ್ತ, ಹಾಲು, ಮೂತ್ರಗಳಲ್ಲಿ ಅಳೆದು ನೋಡಬಹುದಾದ ಗುರುತುಗಳಿಗೆ ವಿಜ್ಞಾನಿಗಳು ಜೈವಿಕ ಸೂಚಕಗಳೆಂದು ಕರೆಯುತ್ತಾರೆ. ರೋಗವನ್ನು ಕಂಡುಹಿಡಿಯಲು, ಯಾವ ಚಿಕಿತ್ಸೆ ಬೇಕೆಂದು ತೀರ್ಮಾನಿಸಲು, ಕೊಟ್ಟ ಔಷಧಿ ಫಲಿಸಿತೇ ಇಲ್ಲವೇ ಎಂದು ತಿಳಿಯಲು ಇವು ನೆರವಾಗುತ್ತವೆ. ರೈತರಿಗೆ ದಿನವೂ ಸಿಗುವ ಸೂಚಕಗಳು ಹಾಲಿನಲ್ಲಿವೆ.

ಕಾಣದ ಕೆಚ್ಚಲು ಬಾವು

ಕೆಚ್ಚಲು ಬಾತು, ಹಾಲು ಒಡೆದು ಗಡ್ಡೆಗಟ್ಟಿ ಬಂದಾಗ ಕೆಚ್ಚಲು ಬಾವು ಎಂದು ಯಾರಾದರೂ ಹೇಳಬಲ್ಲರು. ಆದರೆ ಹೀಗೆ ಕಣ್ಣಿಗೆ ಕಾಣುವ ಬಾವಿಗಿಂತ ಕಾಣದ ಬಾವೇ ಹೆಚ್ಚು. ಕೆಚ್ಚಲು ಮೆತ್ತಗಿರುತ್ತದೆ, ಹಾಲು ಬೆಳ್ಳಗಿರುತ್ತದೆ, ಎಮ್ಮೆ ಮೇಯುತ್ತಿರುತ್ತದೆ. ಹಾಲು ಮಾತ್ರ ದಿನದಿನಕ್ಕೆ ಇಳಿಯುತ್ತದೆ. ಮೇವು ಸಾಲದೆಂದು ಹಿಂಡಿ ಹೆಚ್ಚಿಸುತ್ತೇವೆ, ದೃಷ್ಟಿಯಾಯಿತೆಂದು ನಿವಾಳಿಸುತ್ತೇವೆ. ಅಷ್ಟರಲ್ಲಿ ರೋಗಾಣು ಹಾಲಿನ ಗ್ರಂಥಿಗಳನ್ನು ಹಾಳುಮಾಡುತ್ತಿರುತ್ತದೆ.

ರೋಗಾಣು ಕೆಚ್ಚಲನ್ನು ಹೊಕ್ಕ ಕೂಡಲೆ ಅದರೊಡನೆ ಹೋರಾಡಲು ರಕ್ತದ ಬಿಳಿ ಕಣಗಳು ಅಲ್ಲಿಗೆ ಧಾವಿಸುತ್ತವೆ. ಆರೋಗ್ಯವಂತ ಆಕಳ ಮೊಲೆಯ ಒಂದು ಮಿಲಿ ಲೀಟರ್ ಹಾಲಿನಲ್ಲಿ ಸಾಮಾನ್ಯವಾಗಿ ಇಂಥ ಜೀವಕೋಶಗಳು 1 ಲಕ್ಷಕ್ಕಿಂತ ಕಡಿಮೆ. 2 ಲಕ್ಷ ಮೀರಿದರೆ ಸೋಂಕಿನ ಶಂಕೆ ಪಡಬೇಕು. ಬಾವು ಬಲಿತಾಗ ಇವು 50 ಲಕ್ಷವನ್ನೂ ದಾಟಬಲ್ಲವು. ಈ ಕಣಗಳೇ ಇಲ್ಲಿ ಸೂಚಕ.

ಇವನ್ನು ಎಣಿಸಲು ಸೂಕ್ಷ್ಮದರ್ಶಕ ಬೇಕಿಲ್ಲ. 1957 ರಲ್ಲಿ ಅಮೆರಿಕದ ಶಾಲ್ಮ್ ಮತ್ತು ನೂರ್ಲ್ಯಾಂಡರ್ ಎಂಬ ವಿಜ್ಞಾನಿಗಳು ಕೊಟ್ಟಿಗೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯನ್ನು ರೂಪಿಸಿದರು. ಅದಕ್ಕೆ ಕ್ಯಾಲಿಫೋರ್ನಿಯಾ ಕೆಚ್ಚಲು ಬಾವು ಪರೀಕ್ಷೆ ಎಂದು ಹೆಸರು. ಸಾಬೂನಿನಂಥ ದ್ರಾವಣ ಬಿಳಿ ಕಣಗಳನ್ನು ಒಡೆಯುತ್ತದೆ. ಒಳಗಿನ ಪದಾರ್ಥ ಹೊರಬಂದು ಹಾಲು ಲೋಳೆಯಾಗುತ್ತದೆ. ಕಣ ಹೆಚ್ಚಿದಷ್ಟೂ ಲೋಳೆ ಗಟ್ಟಿ. ಈ ದ್ರಾವಣ ಸಿಗದಿದ್ದಲ್ಲಿ ಬಟ್ಟೆ ತೊಳೆಯುವ ಪುಡಿಯನ್ನು ನೂರಕ್ಕೆ ಮೂರರಂತೆ, ಅಂದರೆ ಅರ್ಧ ಲೀಟರ್ ನೀರಿಗೆ 15 ಗ್ರಾಂ, ಕರಗಿಸಿಯೂ ಅಂದಾಜು ಮಾಡಿಕೊಳ್ಳಬಹುದು.

ಪರೀಕ್ಷೆ ಮಾಡುವ ಕ್ರಮ

1. ಕೆಚ್ಚಲನ್ನು ಶುಚಿಗೊಳಿಸಿ ಒರೆಸಿ, ಮೊದಲ ಎರಡು ಮೂರು ಧಾರೆಗಳನ್ನು ಬೇರೆ ಪಾತ್ರೆಯಲ್ಲಿ ಹಿಂಡಿ ತೆಗೆಯಿರಿ.

2. ನಾಲ್ಕು ಸಣ್ಣ ಬಟ್ಟಲುಗಳಲ್ಲಿ ನಾಲ್ಕು ಮೊಲೆಗಳ ಹಾಲನ್ನು ಬೇರೆಬೇರೆಯಾಗಿ ಒಂದೊಂದು ಚಮಚೆಯಷ್ಟು ಹಿಂಡಿರಿ. ಯಾವ ಬಟ್ಟಲು ಯಾವ ಮೊಲೆಯದೆಂದು ನೆನಪಿಡಿ.

3. ಹಾಲಿನಷ್ಟೇ ದ್ರಾವಣವನ್ನು ಹಾಕಿ, ಬಟ್ಟಲನ್ನು ಮೆಲ್ಲಗೆ ಸುತ್ತುತ್ತ ಅಲುಗಾಡಿಸಿರಿ. ಕ್ಯಾಲಿಫೋರ್ನಿಯಾ ದ್ರಾವಣವಾದರೆ 10 ರಿಂದ 20 ಸೆಕೆಂಡಿನಲ್ಲಿ ಗುರುತು ಕಾಣುತ್ತದೆ.

4. ನೀರಾಗಿಯೇ ಉಳಿದರೆ ಚಿಂತೆಯಿಲ್ಲ. ಲೋಳೆಯಾದರೆ ಆ ಮೊಲೆಯಲ್ಲಿ ಬಾವಿನ ಶಂಕೆ ಇದೆ.

5. ಪರೀಕ್ಷಿಸಿದ ಹಾಲನ್ನು ಕೊಟ್ಟಿಗೆಯಿಂದ ದೂರ ಚೆಲ್ಲಿರಿ. ನಾಯಿ, ಬೆಕ್ಕುಗಳಿಗೂ ಹಾಕಬಾರದು.

ಗುರುತು ಕಂಡ ಮೇಲೆ

ಲೋಳೆ ಕಂಡಿತೆಂದು ಅಂಗಡಿಯಿಂದ ಸೂಜಿಮದ್ದು ತಂದು ಚುಚ್ಚಿಸುವುದು ಸರಿಯಲ್ಲ. ಬಾವಿದೆ ಎಂದು ಬಿಳಿ ಕಣ ಹೇಳುತ್ತದೆ. ಯಾವ ರೋಗಾಣುವಿನಿಂದ ಎಂದು ಹೇಳುವುದಿಲ್ಲ. ಪಶುವೈದ್ಯರು ಹಾಲನ್ನು ಪ್ರಯೋಗಾಲಯಕ್ಕೆ ಕಳಿಸಿ, ಯಾವ ಔಷಧಿಗೆ ಆ ರೋಗಾಣು ಬಗ್ಗುತ್ತದೆ ಎಂಬುದನ್ನು ತಿಳಿಯಬಲ್ಲರು. ಬಾವು ಹೊರಗೆ ಕಾಣದಿದ್ದರೆ, ಹಾಲು ಬತ್ತಿಸುವಾಗ ಮೊಲೆಯೊಳಗೆ ಔಷಧಿ ಏರಿಸಲು ಅವರು ಸೂಚಿಸಲೂಬಹುದು. ಔಷಧಿ ಕೊಟ್ಟ ಮೇಲೆ ವೈದ್ಯರು ಹೇಳಿದಷ್ಟು ದಿನ ಹಾಲನ್ನು ಮನೆಗೆ ಬಳಸಬಾರದು, ಸಂಘಕ್ಕೂ ಹಾಕಬಾರದು. ಎರಡು ಮೂರು ವಾರಗಳ ನಂತರ ಪುನಃ ಪರೀಕ್ಷೆ ಮಾಡಿ ನೋಡಿದರೆ ಚಿಕಿತ್ಸೆ ಫಲಿಸಿತೋ ಇಲ್ಲವೋ ಗೊತ್ತಾಗುತ್ತದೆ. ಅಲ್ಲಿಯವರೆಗೆ ಆ ಎಮ್ಮೆಯನ್ನು ಎಲ್ಲಕ್ಕೂ ಕೊನೆಗೆ ಹಿಂಡಬೇಕು.

ಕಂದು ಹಾಕುವ ರೋಗ

ಬ್ರುಸೆಲ್ಲಾ ಎಂಬ ರೋಗಾಣುವಿನ ಕಥೆ ಇನ್ನೂ ಗಂಭೀರ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುವುದು, ಮಾಸು ಬೀಳದಿರುವುದು, ಮತ್ತೆ ಗಬ್ಬ ನಿಲ್ಲದಿರುವುದು ಇದರ ಲಕ್ಷಣಗಳು. ಒಮ್ಮೆ ಕಂದು ಹಾಕಿದ ಆಕಳು ಮುಂದಿನ ಸಲ ಸರಿಯಾಗಿ ಈಯಬಹುದು, ಆದರೂ ಹಾಲಿನಲ್ಲಿ ರೋಗಾಣುವನ್ನು ಹೊರಹಾಕುತ್ತಲೇ ಇರುತ್ತದೆ.

ಈ ಸಂಗತಿ ಮೊದಲು ತಿಳಿದದ್ದು ಮಾಲ್ಟಾ ದ್ವೀಪದಲ್ಲಿ. ಅಲ್ಲಿನ ಸೈನಿಕರನ್ನು ಕಾಡುತ್ತಿದ್ದ ಜ್ವರದ ರೋಗಾಣುವನ್ನು ಡೇವಿಡ್ ಬ್ರೂಸ್ 1887 ರಲ್ಲಿ ಕಂಡುಹಿಡಿದರು. ಅದು ಎಲ್ಲಿಂದ ಬರುತ್ತದೆ ಎಂಬುದು ಮಾತ್ರ ತಿಳಿಯಲಿಲ್ಲ. 1905 ರಲ್ಲಿ ಥೆಮಿಸ್ಟೋಕ್ಲಿಸ್ ಜಾಮಿಟ್ ಎಂಬ ವೈದ್ಯರು ಆಡುಗಳ ರಕ್ತವನ್ನು ಪರೀಕ್ಷಿಸಿದಾಗ, ನೋಡಲು ಗಟ್ಟಿಮುಟ್ಟಾಗಿದ್ದ ಆಡುಗಳಲ್ಲಿಯೇ ರೋಗದ ಗುರುತು ಸಿಕ್ಕಿತು. 1906 ರಲ್ಲಿ ಸೈನಿಕರಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದೊಡನೆ ಜ್ವರ ಇಳಿಮುಖವಾಯಿತು. ರಾಮದುರ್ಗದ ಕಡೆ ಕುರಿ, ಆಡು ಸಾಕುವವರು ಇದನ್ನು ನೆನಪಿಡಬೇಕು.

ಜಾಮಿಟ್ ಕಂಡ ಗುರುತು ರೋಗಾಣುವನ್ನು ಎದುರಿಸಲು ದೇಹ ತಯಾರಿಸುವ ಪ್ರತಿಕಾಯಗಳದ್ದು. ಆಕಳ ಹಾಲಿನಲ್ಲಿಯೂ ಇವು ಬರುತ್ತವೆ. ಬಣ್ಣ ಕಟ್ಟಿದ ಸತ್ತ ರೋಗಾಣುಗಳನ್ನು ಹಾಲಿಗೆ ಬೆರೆಸಿ ಇಟ್ಟರೆ, ಪ್ರತಿಕಾಯಗಳಿದ್ದಲ್ಲಿ ಅವು ಗುಂಪುಗೂಡಿ ಕೆನೆಯೊಡನೆ ಮೇಲೇರಿ ನೀಲಿ ಬಳೆಯಾಗಿ ಕಾಣುತ್ತವೆ. ಇದೇ ಹಾಲಿನ ಬಳೆ ಪರೀಕ್ಷೆ. ಸಂಘದ ಒಟ್ಟು ಹಾಲನ್ನು ಹೀಗೆ ಪರೀಕ್ಷಿಸಿ, ಬಳೆ ಕಂಡರೆ ಒಂದೊಂದೇ ದನದ ರಕ್ತ ಪರೀಕ್ಷೆಗೆ ಇಳಿಯಬಹುದು. ಆಡು, ಕುರಿಗಳಿಗೆ ಮಾತ್ರ ರಕ್ತ ಪರೀಕ್ಷೆಯೇ ಆಗಬೇಕು. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಈ ರೋಗದ ಪರೀಕ್ಷಾ ಸಲಕರಣೆಗಳನ್ನು ಸಿದ್ಧಪಡಿಸಿದೆ.

ಗುರುತನ್ನು ಓದುವಾಗ ಎಚ್ಚರ

ಯಾವ ಸೂಚಕವೂ ಒಂಟಿಯಾಗಿ ಪೂರ್ಣ ಸತ್ಯ ಹೇಳದು. ಈದ ಹೊಸತರಲ್ಲಿ ಗಿಣ್ಣದ ಹಾಲು, ಬತ್ತುವ ಕಾಲದ ಹಾಲು ರೋಗವಿಲ್ಲದೆಯೂ ಲೋಳೆಯಾಗಬಹುದು. ಗಿಣ್ಣದ ಹಾಲು ಮತ್ತು ಬಾವು ಬಂದ ಕೆಚ್ಚಲಿನ ಹಾಲು ಸುಳ್ಳು ಬಳೆ ತೋರಿಸಬಹುದು. ಕಂದು ರೋಗದ ಲಸಿಕೆಯೂ ಪ್ರತಿಕಾಯ ಹುಟ್ಟಿಸುತ್ತದೆ. ದೊಡ್ಡ ದನಕ್ಕೆ ಲಸಿಕೆ ಹಾಕಿದರೆ ಅದು ಬಹಳ ಕಾಲ ಉಳಿದು, ರೋಗವೋ ಲಸಿಕೆಯೋ ಎಂಬ ಗೊಂದಲವಾಗುತ್ತದೆ. ಈ ಲಸಿಕೆಯನ್ನು 4 ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಮಾತ್ರ, ಆಯುಷ್ಯದಲ್ಲಿ ಒಮ್ಮೆ ಹಾಕಲು ಇದೂ ಒಂದು ಕಾರಣ. 2019 ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಜೊತೆಗೆ ಕಂದು ರೋಗದ ಲಸಿಕೆಯನ್ನೂ ಸೇರಿಸಲಾಗಿದೆ. ಕರುವಿನ ವಯಸ್ಸು ಮೀರಗೊಡಬಾರದು.

ಮನೆಯವರ ಆರೋಗ್ಯ

ಕಂದು ರೋಗ ಮನುಷ್ಯರಿಗೂ ತಗಲುತ್ತದೆ. ಕಂದು ಹಾಕಿದ ಕರುವನ್ನು, ಮಾಸನ್ನು ಬರಿಗೈಯಿಂದ ಮುಟ್ಟಬಾರದು. ಆಳದ ಗುಂಡಿ ತೋಡಿ ಸುಣ್ಣ ಹಾಕಿ ಹುಗಿಯಬೇಕು. ಹಾಲನ್ನು ಚೆನ್ನಾಗಿ ಕುದಿಸಿಯೇ ಕುಡಿಯಬೇಕು. ಕೊಟ್ಟಿಗೆ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ, ಕುರಿ ಕಾಯುವವರಿಗೆ ವಾರಗಟ್ಟಲೆ ಏರಿಳಿಯುವ ಜ್ವರ, ಬೆವರು, ಕೀಲುನೋವು, ಸೊಂಟನೋವು ಕಂಡರೆ, ‘ನಮ್ಮ ಮನೆಯಲ್ಲಿ ದನಕರುಗಳಿವೆ, ಒಂದು ಕಂದು ಹಾಕಿತ್ತು’ ಎಂದು ವೈದ್ಯರಿಗೆ ತಪ್ಪದೆ ಹೇಳಬೇಕು. ಈ ಒಂದು ಮಾತಿನಿಂದ ಸರಿಯಾದ ರಕ್ತ ಪರೀಕ್ಷೆಗೆ ದಾರಿಯಾಗುತ್ತದೆ. ಚಿಕಿತ್ಸೆ ಇದೆ, ಸಾಮಾನ್ಯವಾಗಿ ಎರಡು ಔಷಧಿಗಳನ್ನು ಆರು ವಾರ ಬಿಡದೆ ತೆಗೆದುಕೊಳ್ಳಬೇಕು. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಅದು ಮರುಕಳಿಸುತ್ತದೆ.

ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುವವರು, ಸಂತೆಯಲ್ಲಿ ಹೊಸ ದನ ಕೊಳ್ಳುವವರು ಒಂದು ಮಾತು ಗಮನಿಸಬೇಕು. ಹಲ್ಲು, ಸುಳಿ, ಕೆಚ್ಚಲು ನೋಡಿ ಕೊಳ್ಳುವುದು ಹಿರಿಯರು ಕಲಿಸಿದ ಜಾಣತನ. ಅದರ ಜೊತೆಗೆ ಹಾಲಿನ ಪರೀಕ್ಷೆ, ರಕ್ತ ಪರೀಕ್ಷೆಯನ್ನೂ ಮಾಡಿಸಿ, ಫಲಿತಾಂಶ ಬರುವವರೆಗೆ ಹೊಸ ದನವನ್ನು ಬೇರೆ ಕಟ್ಟಿರಿ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವಿಲ್ಲ. ಹೆಚ್ಚಿನ ತಿಳಿವಳಿಕೆಗೆ ಸಮೀಪದ ಪಶು ಆಸ್ಪತ್ರೆಯನ್ನು ಇಲ್ಲವೆ ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವನ್ನು ಕಾಣಬಹುದು. ತಿಂಗಳಿಗೊಮ್ಮೆ ನಾಲ್ಕು ಬಟ್ಟಲು ಹಾಲು ನೋಡುವ ರೂಢಿ ಇಂದಿನಿಂದಲೇ ಆಗಲಿ.